ರೊಟ್ಟಿ ಬಡಿಯುವ ಕೈಗೂ ಬಂತು ದುಬಾರಿ ಸೂಜಿ!

(ನಮ್ಮ ಸ್ಥಳೀಯ ಪ್ರತಿನಿಧಿಯಿಂದ)

ಗದಗ: "ಮುಂಜಾನೆ ಎದ್ದ ಕೂಡಲೆ ಬೆರಳು ಮಡಚಾಕ ಬರೂದುಲ್ರೀ. ಹೊತ್ತೇರಿದ ಮ್ಯಾಲೆ ಸಡ್ಲ ಆಗ್ತಾವ."

ಈ ಮಾತು ನಮ್ಮ ಕಡೆ ಹೊಸದಲ್ಲ. ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ, ಶಿರಹಟ್ಟಿಯ ಸಂತೆಯಲ್ಲಿ, ಬೆಟಗೇರಿಯ ನೇಕಾರ ಓಣಿಯಲ್ಲಿ ಇಂಥ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಕೇಳಿದವರು "ವಾಯು ಆಗೇತಿ ಬಿಡು" ಅಂತಾರೆ. ಎಣ್ಣೆ ತಿಕ್ಕಿ, ಕಪ್ಪತಗುಡ್ಡದಿಂದ ತಂದ ಸೊಪ್ಪು ಕಟ್ಟಿ, ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ನುಂಗುವುದರಲ್ಲಿ ವರ್ಷ ಕಳೆಯುತ್ತದೆ. ಅಷ್ಟರಲ್ಲಿ ಬೆರಳು ಒಂದು ಕಡೆ ವಾಲಿಬಿಡುತ್ತವೆ. ರೊಟ್ಟಿ ಬಡಿಯುವ ಕೈ, ಮಗ್ಗದ ಲಾಳಿ ಹಿಡಿಯುವ ಕೈ, ಮೆಣಸಿನಕಾಯಿ ಬಿಡಿಸುವ ಕೈ ಹೀಗಾದರೆ ಆ ಮನೆಯ ಗತಿ ಏನು, ವಾಚಕರೇ ಯೋಚಿಸಿ ನೋಡಬೇಕು.

ಇದೇ ಸಂಧಿವಾತ, ಡಾಕ್ಟರರ ಬಾಯಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್. ಈ ರೋಗಕ್ಕೆ ಈಗ ಒಂದು ತರದ ಸೂಜಿ ಬಂದಿದೆ. ಹದಿನೈದು ದಿನಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೋ ತೊಡೆಗೋ ಚುಚ್ಚಿಕೊಳ್ಳುವುದು. ದವಾಖಾನೆಗೆ ಹೋಗಬೇಕೆಂದೇನೂ ಇಲ್ಲ, ಕಲಿತರೆ ತಾನೇ ಚುಚ್ಚಿಕೊಳ್ಳಬಹುದು. ಹೆಸರು ಅಡಾಲಿಮುಮ್ಯಾಬ್. ನಾಲಿಗೆ ಹೊರಳುವುದಿಲ್ಲ, ನಿಜ. ಆದರೆ ಅದರ ರೇಟು ಕೇಳಿದರೆ ನಾಲಿಗೆ ಒಳಗೇ ಹೋಗುತ್ತದೆ.

ಮನೆಯ ಕಾವಲುಗಾರನೇ ಕಳ್ಳ

ಮೊದಲು ರೋಗದ ಮಾತು. ನಮ್ಮ ಮೈಯಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ಒಂದು ಪಡೆ ಇರುತ್ತದೆ. ಕೆಲವರಲ್ಲಿ ಈ ಪಡೆ ತಲೆ ತಿರುಗಿ ತನ್ನದೇ ಕೀಲುಗಳ ಮೇಲೆ ಬೀಳುತ್ತದೆ. ಕೀಲಿನ ಒಳಪದರು ಬಾತು, ಕೆಂಪಾಗಿ, ಕೊನೆಗೆ ಎಲುಬನ್ನೇ ತಿನ್ನುತ್ತದೆ. ಈ ಗದ್ದಲಕ್ಕೆ ಕೂಗು ಹಾಕುವ ಒಂದು ಪದಾರ್ಥವಿದೆ, ಅದಕ್ಕೆ ಟಿ.ಎನ್.ಎಫ್. ಎನ್ನುತ್ತಾರೆ. ಸೂಜಿಯಲ್ಲಿರುವ ಔಷಧ ಈ ಟಿ.ಎನ್.ಎಫ್.ಅನ್ನು ಹಿಡಿದು ಬಾಯಿ ಮುಚ್ಚಿಸುತ್ತದೆ. ಇಷ್ಟೇ ಅದರ ಗುಟ್ಟು.

ಈ ಗುಟ್ಟನ್ನು ಒಡೆದವರಲ್ಲಿ ಒಬ್ಬರು ಪಂಜಾಬಿನ ಲೂಧಿಯಾನಾದಲ್ಲಿ ಹುಟ್ಟಿದ ರವೀಂದರ್ ಮೈನಿ ಎಂಬುದು ನಮಗೆ ಅಭಿಮಾನದ ಸಂಗತಿ. ಮಾರ್ಕ್ ಫೆಲ್ಡ್‌ಮನ್ ಜೊತೆ ಸೇರಿ ಲಂಡನ್ನಿನಲ್ಲಿ 1992ರಲ್ಲಿ ಇವರು ಮೊದಲ ರೋಗಿಗಳಿಗೆ ಇಂಥ ಔಷಧ ಕೊಟ್ಟರು. ಅಮೆರಿಕದಲ್ಲಿ ಅಡಾಲಿಮುಮ್ಯಾಬ್‌ಗೆ ಪರವಾನಗಿ ಸಿಕ್ಕಿದ್ದು 2002ರ ಡಿಸೆಂಬರ್ 31ರಂದು. ಗುಳಿಗೆಯಂತೆ ರಾಸಾಯನಿಕ ಕಲಸಿ ಮಾಡುವ ಮಾಲಲ್ಲ ಇದು. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳನ್ನು ದೊಡ್ಡ ದೊಡ್ಡ ಹಂಡೆಗಳಲ್ಲಿ ಬೆಳೆಸಿ, ಅವುಗಳಿಂದ ತೆಗೆದು ಸೋಸಿದ್ದು. ನುಂಗಿದರೆ ಹೊಟ್ಟೆಯಲ್ಲಿ ಅನ್ನದಂತೆ ಅರಗಿ ಹೋಗುತ್ತದೆ. ಅದಕ್ಕೇ ಸೂಜಿ.

ಸಂಧಿವಾತವಷ್ಟೇ ಅಲ್ಲ, ಹರೆಯದ ಹುಡುಗರ ಬೆನ್ನುಮೂಳೆಯನ್ನು ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಮೈಮೇಲೆ ಬೆಳ್ಳಿ ಹೊಟ್ಟು ಏಳುವ ಸೋರಿಯಾಸಿಸ್, ಕರುಳಿನ ಹುಣ್ಣಿನ ಕೆಲವು ರೋಗಗಳಿಗೂ ಇದೇ ಸೂಜಿ ನಡೆಯುತ್ತದೆ.

ಮುಂಡರಗಿಯವರು ಕೇಳಬೇಕಾದ ಮಾತು

ಇಲ್ಲಿ ಒಂದು ಎಚ್ಚರಿಕೆ. ಕೀಲು ನೋವೆಲ್ಲ ಸಂಧಿವಾತವಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ಬಂದು ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ಜನ ಕೋಲು ಹಿಡಿದು ನಡೆದದ್ದು ಇನ್ನೂ ನೆನಪಿದೆ. ಅದು ಬೇರೆ ಬಾಬತ್ತು. ವಯಸ್ಸಿಗೆ ಮೊಣಕಾಲು ಸವೆಯುವುದು ಇನ್ನೊಂದು. ಇವೆರಡಕ್ಕಿಂತ ಮುಖ್ಯವಾದದ್ದು ನಮ್ಮ ನೀರು. ಮುಂಡರಗಿ ತಾಲೂಕಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಹಳೇ ದೂರು. ವರ್ಷಾನುಗಟ್ಟಲೆ ಅದೇ ನೀರು ಕುಡಿದವರ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಬೆನ್ನು ಬಿಗಿಯುತ್ತದೆ, ಬಾಗುವುದು ಕಷ್ಟವಾಗುತ್ತದೆ. ನೋಡಿದರೆ ಥೇಟ್ ಸ್ಪಾಂಡಿಲೈಟಿಸ್ ತರಾನೇ ಕಾಣುತ್ತದೆ! ಆದರೆ ಫ್ಲೋರೈಡಿನ ಬೆನ್ನಿಗೆ ಈ ಸೂಜಿ ಎಷ್ಟು ಚುಚ್ಚಿದರೂ ಫಾಯದೆ ಇಲ್ಲ. ಅಲ್ಲಿ ಬೇಕಾದದ್ದು ಒಳ್ಳೇ ನೀರು. ಆದ್ದರಿಂದ ಮುಂಡರಗಿ ಕಡೆಯವರು ಡಾಕ್ಟರರ ಮುಂದೆ ಕೂತಾಗ ತಾವು ಎಲ್ಲಿಯ ನೀರು ಕುಡಿಯುತ್ತೀರಿ ಎಂಬುದನ್ನು ಅವರು ಕೇಳದಿದ್ದರೂ ಹೇಳಬೇಕು.

ಸಂಧಿವಾತದ ಗುರುತು ಬೇರೆ. ಎರಡೂ ಕೈಯ ಸಣ್ಣ ಕೀಲುಗಳು ಬಾಯುವುದು, ಮುಂಜಾನೆಯ ಬಿಗಿತ ತಾಸಿಗಿಂತ ಹೆಚ್ಚು ಹೊತ್ತು ಇರುವುದು, ಕೆಲಸ ಮಾಡಿದಂತೆ ಸಡಿಲಾಗುವುದು. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ದಿಲ್ಲಿ ಸಮೀಪದ ಹಳ್ಳಿಗಳ ಸಮೀಕ್ಷೆಯೊಂದು 1993ರಲ್ಲಿ ಪ್ರಕಟವಾಗಿತ್ತು. ಅದರಲ್ಲಿ ವಯಸ್ಕರಲ್ಲಿ ನೂರಕ್ಕೆ 0.75 ಮಂದಿಗೆ ಈ ರೋಗವಿತ್ತು. 2011ರ ಜನಗಣತಿಯಂತೆ ಗದಗ-ಬೆಟಗೇರಿ ಅವಳಿ ನಗರದ ಜನಸಂಖ್ಯೆ 1,72,612. ಅದೇ ಪ್ರಮಾಣ ಹಿಡಿದರೆ ಇಲ್ಲೇ ಎಂಟುನೂರರ ಆಸುಪಾಸು ಆಗುತ್ತದೆ. ಇದು ಕಾಗದದ ಮೇಲಿನ ಅಂದಾಜು ಅಷ್ಟೇ. ಹಳ್ಳಿಗಳನ್ನು ಇದರಲ್ಲಿ ಹಿಡಿದಿಲ್ಲ.

ಮೊದಲು ವಾರದ ಗುಳಿಗೆ

ಸೂಜಿಯ ಸುದ್ದಿ ಕೇಳಿ ಎಲ್ಲರೂ ಅದಕ್ಕೇ ಗಂಟು ಬೀಳಬೇಕಿಲ್ಲ. ಮೊದಲ ಔಷಧ ಮೆಥೋಟ್ರೆಕ್ಸೇಟ್ ಎಂಬ ಗುಳಿಗೆ. ಕಿಮ್ಮತ್ತು ಕಡಿಮೆ, ಬಹಳ ಮಂದಿಗೆ ಇದರಲ್ಲೇ ಹತೋಟಿಗೆ ಬರುತ್ತದೆ. ಆದರೆ ಇದನ್ನು ನುಂಗಬೇಕಾದದ್ದು ವಾರಕ್ಕೆ ಒಂದೇ ದಿನ. ದಿನಾ ನುಂಗಿದವರ ರಕ್ತ ತಯಾರಾಗುವುದೇ ನಿಂತು, ಬಾಯಿತುಂಬ ಹುಣ್ಣೆದ್ದು, ಪ್ರಾಣಕ್ಕೇ ಸಂಚಕಾರ ಬಂದ ಪ್ರಕರಣಗಳು ಜಗತ್ತಿನಾದ್ಯಂತ ದಾಖಲಾಗಿವೆ. ಅಕ್ಷರ ಬಾರದ ಮುದುಕಿಯ ಕೈಗೆ ಚೀಟಿ ಕೊಟ್ಟು "ಹೀಂಗ ತೊಗೋ" ಎಂದರೆ ಸಾಲದು. ಸೋಮವಾರವೋ ಗುರುವಾರವೋ, ವಾರ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೊಡಬೇಕು.

ಇನ್ನೊಂದು ಪಿಡುಗು, ಊರೂರು ತಿರುಗುವವರ ಪುಡಿ. ಎರಡೇ ದಿನದಲ್ಲಿ ನೋವು ಮಾಯ! ಅದರಲ್ಲಿ ಸ್ಟೆರಾಯ್ಡ್ ಬೆರೆತಿದ್ದರೆ ಮುಖ ಊದಿ, ಸಕ್ಕರೆ ರೋಗ ಬಂದು, ಎಲುಬು ಟೊಳ್ಳಾಗುವುದು ಆಮೇಲೆ ಗೊತ್ತಾಗುತ್ತದೆ. ಇಂಥ ಪುಡಿ ಮಾರುವವರ ಮೇಲೆ ಅಧಿಕಾರಿಗಳು ಕಣ್ಣಿಡಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಗುಳಿಗೆಗಳಿಗೆ ರೋಗ ಬಗ್ಗದಿದ್ದಾಗ ಸೂಜಿಯ ಮಾತು ಬರುತ್ತದೆ. ಆಗ ನಮ್ಮ ಮಂದಿ ಹೆಚ್ಚಾಗಿ ಸುಮಾರು 58 ಕಿ.ಮೀ. ದೂರದ ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ.

ಕ್ಷಯ ಇದೆಯೋ ನೋಡಿ!

ಸೂಜಿಗೆ ಮುಂಚೆ ಒಂದು ತಪಾಸಣೆ ಆಗಲೇಬೇಕು. ಅದು ಕ್ಷಯದ್ದು. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು. ಎಷ್ಟೋ ಮಂದಿಯ ಮೈಯಲ್ಲಿ ಕ್ಷಯದ ಕ್ರಿಮಿ ಕೆಮ್ಮಿಲ್ಲದೆ, ಜ್ವರವಿಲ್ಲದೆ ಸುಮ್ಮನೆ ಮಲಗಿರುತ್ತದೆ. ಅದನ್ನು ಬೇಲಿ ಹಾಕಿ ಕೂಡಿಟ್ಟಿರುವುದರಲ್ಲಿ ಟಿ.ಎನ್.ಎಫ್.ನ ಪಾಲು ದೊಡ್ಡದು. ಸೂಜಿ ಹಾಕಿದ ಮೇಲೆ ಬೇಲಿ ಕಿತ್ತು ಹೋಗಬಹುದು, ಮಲಗಿದ್ದು ಏಳಬಹುದು. ಇದೇ ಜಾತಿಯ ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಂಡವರಲ್ಲಿ 70 ಮಂದಿಗೆ ಕ್ಷಯ ಬಂದ ವರದಿ 2001ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದಾಗ ಎಲ್ಲರ ಕಣ್ಣು ತೆರೆಯಿತು. ಆದ್ದರಿಂದ ಎದೆಯ ಎಕ್ಸ್‌ರೇ, ಚರ್ಮದ ಮಾಂಟು ಪರೀಕ್ಷೆ ಇಲ್ಲವೇ ರಕ್ತ ಪರೀಕ್ಷೆ, ಜೊತೆಗೆ ಹೆಪಟೈಟಿಸ್ ಬಿ ಕಾಮಾಲೆಯ ತಪಾಸಣೆ. ಮಲಗಿದ ಕ್ಷಯ ಸಿಕ್ಕರೆ ಮೊದಲು ಅದಕ್ಕೆ ಗುಳಿಗೆ, ಆಮೇಲೆ ಸೂಜಿ. "ಎಕ್ಸ್‌ರೇ ಯಾಕ ಬೇಕ್ರಿ, ನೋವು ಕೈಯಾಗೈತಿ" ಎಂದು ರೋಕ್ಕ ಉಳಿಸಲು ಹೋಗಬಾರದು. ಮನೆಯಲ್ಲಿ ಯಾರಿಗಾದರೂ ಕ್ಷಯ ಆಗಿದ್ದರೆ ನಾಚಿಕೆ ಬಿಟ್ಟು ಹೇಳಬೇಕು.

ಹೆಸರು ಮಾರಿ ಸೂಜಿ ಕೊಳ್ಳುವುದೇ?

ಈಗ ರೇಟಿನ ಮಾತು. 2014ರ ಡಿಸೆಂಬರಿನಲ್ಲಿ ಅಹಮದಾಬಾದಿನ ಝೈಡಸ್ ಕಂಪನಿ ಅಡಾಲಿಮುಮ್ಯಾಬ್‌ನ ಜಗತ್ತಿನ ಮೊದಲ ಸಮಾನ ರೂಪವನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದಲ್ಲಿ ಸಾವಿರ ಡಾಲರಿನ ಸೂಜಿ ಇಲ್ಲಿ ಇನ್ನೂರು ಡಾಲರಿನ ಲೆಕ್ಕಕ್ಕೆ ಬಂತು. ಆಮೇಲೆ ಬೇರೆ ಕಂಪನಿಗಳೂ ಇಳಿದವು. ನಮ್ಮ ಬೆಂಗಳೂರಿನ ಬಯೋಕಾನ್ 1978ರಲ್ಲಿ ಗ್ಯಾರೇಜಿನಲ್ಲಿ ಶುರುವಾಗಿ ಪರಂಗಿ ಹಣ್ಣಿನ ಕಿಣ್ವ ತೆಗೆಯುತ್ತಿದ್ದ ಕಂಪನಿ. 2013ರಲ್ಲಿ ಅದು ಕ್ಯೂಬಾ ದೇಶದ ಸಂಸ್ಥೆಯ ಜೊತೆ ಸೇರಿ ಸೋರಿಯಾಸಿಸ್‌ಗೆ ಇಟೋಲಿಝುಮ್ಯಾಬ್ ಎಂಬ ಔಷಧವನ್ನೇ ಹೊರತಂದಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಡಾಲಿಮುಮ್ಯಾಬ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2025ರ ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಜಿ.ಎಸ್.ಟಿ. ಸಾಮಾನ್ಯವಾಗಿ 12ರಿಂದ 5ಕ್ಕೆ ಇಳಿಯಿತು.

ಇಷ್ಟಾದರೂ ಒಂದೊಂದು ಸೂಜಿಗೆ ಸಾವಿರಗಟ್ಟಲೆ ರೂಪಾಯಿ. ತಿಂಗಳಿಗೆ ಎರಡು, ವರ್ಷಕ್ಕೆ ಇಪ್ಪತ್ತಾರು. ಒಣಬೇಸಾಯದ ಮನೆಗೆ ಇದು ಹೇಗೆ ದಕ್ಕೀತು? ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ಆದರೆ ಆ ಯೋಜನೆ ಕಟ್ಟಿರುವುದು ದವಾಖಾನೆಯಲ್ಲಿ ಮಲಗಿಸಿ ಮಾಡುವ ಚಿಕಿತ್ಸೆಯ ಸುತ್ತ. ಮನೆಯಲ್ಲಿ ಕೂತು ವರ್ಷವಿಡೀ ಚುಚ್ಚಿಕೊಳ್ಳುವ ಸೂಜಿ ಆ ಚೌಕಟ್ಟಿಗೆ ಸುಲಭಕ್ಕೆ ಒಗ್ಗುವುದಿಲ್ಲ. ಕೈ ಪೂರಾ ಸೊಟ್ಟಾದ ಮೇಲೆ ಆಪರೇಷನ್ನಿಗೆ ರೊಕ್ಕ, ಸೊಟ್ಟಾಗದಂತೆ ತಡೆಯಲು ರೊಕ್ಕ ಇಲ್ಲ! ಇದು ಯಾವ ಶಾಣ್ಯಾತನ? ಜಿಲ್ಲೆಯ ಶಾಸಕರು ಈ ಪ್ರಶ್ನೆಯನ್ನು ಸದನದಲ್ಲಿ ಎತ್ತಲಿ.

ರೊಕ್ಕದ ತಾಪತ್ರಯದಿಂದ ಹುಟ್ಟುವ ಇನ್ನೊಂದು ಕೇಡು ಇದೆ. ಹೆಸರು ಮಾರಿದಾಗ ಎರಡು ಸೂಜಿ, ಉಳ್ಳಾಗಡ್ಡಿ ಮಾರಿದಾಗ ಒಂದು, ನಡುವೆ ನಾಲ್ಕು ತಿಂಗಳು ಖಾಲಿ. ಹೀಗೆ ಬಿಟ್ಟು ಬಿಟ್ಟು ಹಾಕಿದರೆ ಮೈಯಲ್ಲಿ ಔಷಧದ ವಿರುದ್ಧವೇ ಪ್ರತಿಕಾಯ ಹುಟ್ಟಿ, ಮುಂದೆ ಅದು ನಾಟದೆ ಹೋಗಬಹುದು. ಜೊತೆಗೆ ಮೆಥೋಟ್ರೆಕ್ಸೇಟ್ ಮುಂದುವರಿಸಿದರೆ ಈ ಕೇಡು ಕಡಿಮೆ. ವರ್ಷದ ಖರ್ಚು ನೀಗುವುದಿಲ್ಲ ಎಂದು ಗೊತ್ತಿದ್ದರೆ ಶುರು ಮಾಡುವ ಮುಂಚೆಯೇ ಡಾಕ್ಟರಿಗೆ ಬಿಚ್ಚಿ ಹೇಳುವುದು ಲೇಸು. ಕಡಿಮೆ ಖರ್ಚಿನ ಎರಡು ಮೂರು ಗುಳಿಗೆ ಕೂಡಿಸಿ ಕೊಡುವ ದಾರಿಯೂ ಉಂಟು.

ಫ್ರಿಜ್ ಮತ್ತು ಕರೆಂಟು

ಸೂಜಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಹುಬ್ಬಳ್ಳಿಯಿಂದ ತರುವಾಗ ಬರ್ಫದ ಡಬ್ಬಿ ಬೇಕು, ಆದರೆ ಬರ್ಫಕ್ಕೆ ತಾಗಬಾರದು. ಒಮ್ಮೆ ಹೆಪ್ಪುಗಟ್ಟಿದರೆ ಮಾಲು ಕೆಟ್ಟಂತೆಯೇ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಚೀಲದಲ್ಲಿಟ್ಟು ತಂದರೆ ಸಾವಿರಾರು ರೂಪಾಯಿ ನೀರಾಗುತ್ತದೆ. ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯದೆ ಬಿಡುವುದು ಒಳ್ಳೇದು. ಫ್ರಿಜ್ ಇಲ್ಲದವರು ಪರಿಚಯದ ಮೆಡಿಕಲ್ ಶಾಪಿನಲ್ಲೋ ಹತ್ತಿರದ ದವಾಖಾನೆಯಲ್ಲೋ ಇಡಲು ಕೇಳಿ ನೋಡಬಹುದು.

ಚುಚ್ಚುವ ಮುಂಚೆ ಕಾಲು ತಾಸು, ಅರ್ಧ ತಾಸು ಹೊರಗಿಟ್ಟು ತಾನಾಗಿ ಬೆಚ್ಚಗಾಗಲು ಬಿಡಬೇಕು, ಬಿಸಿನೀರಲ್ಲಿ ಅದ್ದಬಾರದು. ಹೊಕ್ಕುಳ ಸುತ್ತ ಎರಡು ಇಂಚು ಬಿಡಬೇಕು. ಪ್ರತಿ ಸಲ ಜಾಗ ಬದಲಿಸಬೇಕು. ಜ್ವರ, ಕೆಮ್ಮು, ಕೀವಿನ ಹುಣ್ಣು ಇದ್ದಾಗ ಡಾಕ್ಟರನ್ನು ಕೇಳದೆ ಚುಚ್ಚಬಾರದು. ಎರಡು ವಾರ ದಾಟಿದ ಕೆಮ್ಮಿದ್ದರೆ ಮತ್ತೆ ಕ್ಷಯದ ಪರೀಕ್ಷೆ.

ಇನ್ನು ಖಾಲಿಯಾದ ಸೂಜಿ. ಅದನ್ನು ಗಟಾರಿಗೆ ಎಸೆಯುವುದೂ ಬೇಡ, ಕಸದ ಗಾಡಿಗೆ ಹಾಕುವುದೂ ಬೇಡ, ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಮುಂದಿನ ಸಲ ತೋರಿಸಲು ಹೋದಾಗ ದವಾಖಾನೆಗೇ ಒಯ್ದು ಕೊಡಬೇಕು.