ಪ್ರಯಾಣದ ನಿದ್ದೆಗೆ ಕಣ್ಣುಪಟ್ಟಿ: ಹೆಣೆಯಿರಿ, ಆದರೆ ಕಣ್ಣನ್ನು ಒತ್ತದಿರಲಿ

ಎರಡು ವರ್ಷಗಳ ಹಿಂದೆ ಅಮ್ಮಿ ಉಮ್ರಾಕ್ಕೆ ಹೊರಟಾಗ ಅವರ ಕೈಚೀಲದಲ್ಲಿ ನಾನೊಂದು ಕಣ್ಣುಪಟ್ಟಿ ಇಟ್ಟುಕೊಟ್ಟಿದ್ದೆ. ಕ್ರೋಶಾದಲ್ಲಿ ನಾನೇ ಹೆಣೆದದ್ದು. ನೀಲಿ ನೂಲು, ಒಳಗೆ ದಪ್ಪನೆಯ ಹತ್ತಿ, ಹಿಂದೆ ಬಿಗಿಯಾದ ಇಲಾಸ್ಟಿಕ್. ಒಂದು ಚೂರು ಬೆಳಕಿದ್ದರೂ ಅಮ್ಮಿಗೆ ನಿದ್ದೆ ಹತ್ತುವುದಿಲ್ಲ. ವಿಮಾನದಲ್ಲಿ ಪಕ್ಕದವರು ದೀಪ ಹಾಕಿಕೊಂಡರೆ ರಾತ್ರಿಯಿಡೀ ಕೂತೇ ಇರಬೇಕಾಗುತ್ತದೆ ಎಂಬ ಚಿಂತೆ ನನಗೆ.

ಮದೀನಾ ತಲುಪಿದ ಮೇಲೆ ಫೋನ್ ಮಾಡಿದರು. "ಪಟ್ಟಿ ಚೆನ್ನಾಗಿತ್ತು ಬೇಟಾ, ಮೂರು ಗಂಟೆ ಮಲಗಿದೆ. ಆದರೆ ತೆಗೆದ ಮೇಲೆ ತುಂಬ ಹೊತ್ತು ಎಲ್ಲ ಮಂಜುಮಂಜಾಗಿ ಕಾಣ್ತಿತ್ತು" ಅಂದರು.

ನನ್ನ ಎದೆ ಧಸಕ್ಕೆಂದಿತು. ಅಮ್ಮಿಗೆ ಗ್ಲಾಕೊಮಾ ಇದೆ. ದಿನವೂ ರಾತ್ರಿ ಕಣ್ಣಿಗೆ ಡ್ರಾಪ್ಸ್ ಹಾಕುತ್ತಾರೆ, ಆ ಬಾಟಲಿಯನ್ನು ಯಾತ್ರೆಯ ಚೀಲಕ್ಕೆ ಹಾಕಿದವಳೂ ನಾನೇ. ದವಾಖಾನೆಯಲ್ಲಿ ಕೂತು ಊರಿನವರಿಗೆಲ್ಲ ಆರೋಗ್ಯದ ಪಾಠ ಹೇಳುವ ನಾನು, ಸ್ವಂತ ತಾಯಿಯ ಕಣ್ಣಿನ ಮೇಲೆ ಹತ್ತಿಯ ದಿಂಬು ಇಟ್ಟು ಬಿಗಿದು ಕಟ್ಟಿ ಕಳುಹಿಸಿದ್ದೆ! ಪಟ್ಟಿಯನ್ನು ಮತ್ತೆ ಕಟ್ಟಬೇಡಿ ಎಂದು ಆಗಲೇ ಹೇಳಿದೆ. ಹಿಂತಿರುಗಿದ ಕೂಡಲೇ ಕಣ್ಣಿನ ವೈದ್ಯರಿಗೆ ತೋರಿಸಿದೆವು. ಅಲ್ಲಾಹನ ದಯೆಯಿಂದ ಹಾನಿಯೇನೂ ಆಗಿರಲಿಲ್ಲ. ಆದರೆ ಅವರು ನನ್ನ ಕಡೆ ತಿರುಗಿ, "ಬೆಳಕು ತಡೆಯಿರಿ, ಕಣ್ಣುಗುಡ್ಡೆ ಮುಟ್ಟಬೇಡಿ" ಎಂದರು.

ಕಣ್ಣಿನೊಳಗೆ ಒಂದು ತಿಳಿ ದ್ರವ ಸದಾ ಹುಟ್ಟುತ್ತಾ, ಹರಿದು ಹೋಗುತ್ತಾ ಇರುತ್ತದೆ. ಹರಿಯುವ ದಾರಿಯಲ್ಲಿ ತೊಡಕಾದರೆ ಒಳಗಿನ ಒತ್ತಡ ಏರಿ ದೃಷ್ಟಿನರ ಸವೆಯುತ್ತದೆ. ಹಾಗೆ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಇಂಥ ಕಣ್ಣಿನ ಮೇಲೆ ಹೊರಗಿನಿಂದಲೂ ಭಾರ ಬೀಳಬಾರದು. ಈಜುವವರ ಬಿಗಿಯಾದ ಕನ್ನಡಕ ಕೂಡ ಕಣ್ಣಿನ ಒತ್ತಡ ಹೆಚ್ಚಿಸುತ್ತದೆ ಎಂದು ನೇತ್ರವೈದ್ಯರು ಅಳೆದು ನೋಡಿದ್ದಾರೆ. ಆರೋಗ್ಯವಂತರ ಕಣ್ಣಿನಲ್ಲಿಯೂ ಬಿಗಿ ಪಟ್ಟಿ ಕರಿಗುಡ್ಡೆಯ ಮೇಲ್ಪದರವನ್ನು ತುಸು ಅದುಮುವುದರಿಂದ ಎದ್ದ ಸ್ವಲ್ಪ ಹೊತ್ತು ಮಬ್ಬು ಕಾಣಬಹುದು. ಅದು ತಾನಾಗಿ ಸರಿಹೋಗುತ್ತದೆ. ಗ್ಲಾಕೊಮಾ ಇದ್ದವರು, ಪೊರೆಯ ಶಸ್ತ್ರಚಿಕಿತ್ಸೆ ಆಗಿ ಹೆಚ್ಚು ದಿನ ಕಳೆಯದವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಯಾವ ಪಟ್ಟಿಯನ್ನೂ ಕಟ್ಟಿಕೊಳ್ಳಬಾರದು.

ಹಾಗಾದರೆ ಪಟ್ಟಿಯೇ ಬೇಡವೇ? ಬೇಕು. ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಗಾಳಿ, ಅನ್ನಪಾನಗಳ ಜೊತೆಗೆ ನಿದ್ದೆ-ಎಚ್ಚರಕ್ಕೂ ಅದರಲ್ಲಿ ಸ್ಥಾನವಿದೆ. ಬೆಳಕು ನಿದ್ದೆಯನ್ನು ಹೇಗೆ ಕೆಡಿಸುತ್ತದೆ ಎಂಬುದು ಈಗ ಚೆನ್ನಾಗಿ ಗೊತ್ತಾಗಿದೆ. ಮುಚ್ಚಿದ ರೆಪ್ಪೆ ಪೂರ್ತಿ ಪರದೆಯಲ್ಲ, ಬೆಳಕು ಅದರ ಮೂಲಕ ತೂರಿ ಬರುತ್ತದೆ. ಕಣ್ಣಿನ ಹಿಂಪದರದ ಕೆಲವು ಜೀವಕೋಶಗಳು "ಇನ್ನೂ ಹಗಲು" ಎಂದು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ, ನಿದ್ದೆಗೆ ಅಣಿ ಮಾಡುವ ಮೆಲಟೋನಿನ್ ಕಡಿಮೆಯಾಗುತ್ತದೆ. ರಾತ್ರಿ ಬಸ್ಸು ಊಟದ ಹೋಟೆಲಿನ ಮುಂದೆ ನಿಂತಾಗ ಟ್ಯೂಬ್‌ಲೈಟ್ ಮುಖಕ್ಕೆ ಹೊಡೆಯುತ್ತದಲ್ಲ, ಆಗ ಹಾರಿದ ನಿದ್ದೆ ಸುಲಭಕ್ಕೆ ಮರಳುವುದಿಲ್ಲ. ಗಲ್ಫ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ನಮ್ಮ ಹುಡುಗರಿಗೂ ಇದೇ ಕಷ್ಟ.

ಅಂಗಡಿಯಲ್ಲಿ ಸಿಗುವ ತೆಳು ಪಟ್ಟಿಗಳು ಬಹಳಷ್ಟು ಪಾಲಿಯೆಸ್ಟರ್. ನಮ್ಮ ಸೆಕೆಗೆ ಒಳಗೆಲ್ಲ ಬೆವರು. ಅದಕ್ಕೇ ನಾನು ಕ್ರೋಶಾ ಹಿಡಿದದ್ದು. ಟೋಪಿ ಹೆಣೆಯುವ ಕೈಗೆ ಇದು ಎರಡು ಸಂಜೆಯ ಕೆಲಸ. ಅಮ್ಮಿ ಬಂದ ಮೇಲೆ ಎರಡನೆಯ ಪಟ್ಟಿಯನ್ನು ನಾವಿಬ್ಬರೂ ಕೂತು ಹೆಣೆದೆವು, ಬಿಚ್ಚಿದ್ದೂ ಎರಡು ಸಲ. ಅದರ ಲೆಕ್ಕ ಹೇಳುತ್ತೇನೆ.

ಬೇಕಾದದ್ದು ಮಧ್ಯಮ ದಪ್ಪದ ಹತ್ತಿ ನೂಲು ಮತ್ತು 3 ಮಿಲಿಮೀಟರ್ ಕ್ರೋಶಾ ಕಡ್ಡಿ. ಅಕ್ರಿಲಿಕ್ ಉಲ್ಲನ್ ಬೇಡ, ರೆಪ್ಪೆಯ ಹತ್ತಿರದ ಚರ್ಮಕ್ಕೆ ಅದು ಚುಚ್ಚುತ್ತದೆ, ಬೆವರನ್ನೂ ಹೀರುವುದಿಲ್ಲ. ಇಡೀ ಹೆಣಿಗೆ ಸಿಂಗಲ್ ಕ್ರೋಶಾ, ಅಂದರೆ ಕಡ್ಡಿ ತೂರಿಸಿ ನೂಲೆಳೆದು, ಕಡ್ಡಿಯ ಮೇಲಿನ ಎರಡು ಕುಣಿಕೆಗಳಿಂದ ಒಮ್ಮೆಗೇ ನೂಲು ಹೊರತೆಗೆಯುವುದು. ಪ್ರತಿ ಸಾಲು ಮುಗಿದಾಗ ಒಂದು ಸರಪಳಿ ಹಾಕಿ ತಿರುಗಿಸಿ.

ಕೆನ್ನೆಯ ಕಡೆಯಿಂದ ಆರಂಭಿಸಿ. 15 ಸರಪಳಿ ಹಾಕಿ, ಎರಡನೆಯ ಸರಪಳಿಯಿಂದ 14 ಹೆಣಿಗೆ ಹಾಕಿ. ಮುಂದಿನ ಮೂರು ಸಾಲುಗಳಲ್ಲಿ ಎರಡೂ ತುದಿಗೆ ಒಂದೊಂದು ಹೆಚ್ಚಿಸುತ್ತಾ ಹೋದರೆ 20 ಆಗುತ್ತದೆ. ನೂಲು ಕತ್ತರಿಸಿ. ಇಂಥದ್ದೇ ಇನ್ನೊಂದು ತುಂಡು ಮಾಡಿ, ಅದರ ನೂಲು ಕತ್ತರಿಸಬೇಡಿ. ಅದರ ಮೇಲೆ 20 ಹೆಣಿಗೆ, ನಡುವೆ 2 ಸರಪಳಿ, ಮತ್ತೆ ಮೊದಲ ತುಂಡಿನ ಮೇಲೆ 20 ಹೆಣಿಗೆ ಹಾಕಿ ಎರಡನ್ನೂ ಕೂಡಿಸಿ. ಕೆಳಗೆ ಅಗಲವಾಗಿ ಮೇಲೆ ಕಿರಿದಾಗುವ ಒಂದು ಕಚ್ಚು ಉಳಿಯುತ್ತದೆ. ಮೂಗು ಅಲ್ಲಿ ಕೂರುತ್ತದೆ. ಈಗ ಒಟ್ಟು 42. ಕೂಡಿಸಿದ ಸಾಲೂ ಸೇರಿ 13 ಸಾಲು ನೇರವಾಗಿ ಹೆಣೆದು, ಕೊನೆಯ ನಾಲ್ಕು ಸಾಲುಗಳಲ್ಲಿ ಎರಡೂ ತುದಿಗೆ ಒಂದೊಂದು ಕಡಿಮೆ ಮಾಡಿ. ಸುಮಾರು 20 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಎತ್ತರದ ಮುಂಭಾಗ ಸಿದ್ಧ. ನಿಮ್ಮ ಕೈ ಬಿಗಿಯಾಗಿದ್ದರೆ ಚಿಕ್ಕದಾಗಬಹುದು, ನಡುನಡುವೆ ಮುಖಕ್ಕೆ ಹಿಡಿದು ನೋಡಿ. ಮೂಗಿನ ಕಚ್ಚು ಆಳ ಸಾಲದಿದ್ದರೆ ಕೆಳಗಿನಿಂದ ಬೆಳಕು ಬರುತ್ತದೆ. ನಾವು ಮೊದಲ ಸಲ ಬಿಚ್ಚಿದ್ದು ಅದಕ್ಕೇ.

ಕ್ರೋಶಾ ಎಷ್ಟು ಒತ್ತಾಗಿದ್ದರೂ ಸಣ್ಣ ರಂಧ್ರಗಳು ಇದ್ದೇ ಇರುತ್ತವೆ. ಹಿಂಬದಿಗೆ ಕಪ್ಪು ಹತ್ತಿ ಬಟ್ಟೆ ಎರಡು ಪದರ ಕೊಟ್ಟು ಹೊಲಿಯಿರಿ. ಹೊಸ ಬಟ್ಟೆಯಾದರೆ ನೀರು ತಿಳಿಯಾಗುವವರೆಗೆ ಒಗೆದ ಮೇಲೆ ಬಳಸಿ, ಇಲ್ಲದಿದ್ದರೆ ಬೆವರಿಗೆ ಬಣ್ಣ ಬಿಡುತ್ತದೆ. ಚರ್ಮಕ್ಕೆ ತಾಗುವ ಕಡೆ ಇನ್ನೊಂದು ಪದರ ಹಳೆಯ ಹತ್ತಿ ಲುಂಗಿಯದ್ದಾಗಲಿ. ನೂರು ಸಲ ಒಗೆದ ಲುಂಗಿಯಷ್ಟು ಮೆತ್ತನೆಯ ಬಟ್ಟೆ ಯಾವ ಅಂಗಡಿಯಲ್ಲೂ ಸಿಗದು. ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಒಂದು ಚುಕ್ಕೆ ಬೆಳಕೂ ಕಾಣಬಾರದು.

ಇನ್ನು ಮೆತ್ತೆ. ನಾನು ಮೊದಲ ಸಲ ಎಡವಿದ್ದು ಇಲ್ಲಿಯೇ. ಮೆತ್ತೆ ಇರಬೇಕಾದದ್ದು ಕಣ್ಣಿನ ಸುತ್ತಲಿನ ಮೂಳೆಯ ಮೇಲೆ, ಅಂದರೆ ಹುಬ್ಬು, ಕಪೋಲದ ಎಲುಬು, ಮೂಗಿನ ಪಕ್ಕ. ಕಣ್ಣಿನ ಎದುರು ಟೊಳ್ಳಾಗಿರಬೇಕು. ಅದಕ್ಕೆ 7 ಹೆಣಿಗೆ ಅಗಲದ, 21 ಸೆಂಟಿಮೀಟರ್ ಉದ್ದದ ಎರಡು ಪಟ್ಟಿ ಹೆಣೆಯಿರಿ. ಪ್ರತಿಯೊಂದರೊಳಗೂ ಹಳೆಯ ಫ್ಲಾನಲ್ ಬಟ್ಟೆಯ ಸುರುಳಿಯಿಟ್ಟು ಉದ್ದಕ್ಕೆ ಮಡಚಿ ಹೊಲಿದರೆ ಬೆರಳಿನಂಥ ಕೊಳವೆಯಾಗುತ್ತದೆ. ಬಿಡಿ ಹತ್ತಿ ತುಂಬಬೇಡಿ, ಎರಡನೆಯ ಒಗೆತಕ್ಕೆ ಗಂಟುಗಂಟಾಗಿ ಒಂದೇ ಕಡೆ ಒತ್ತುತ್ತದೆ. ಕೊಳವೆಯ ಎರಡು ತುದಿ ಕೂಡಿಸಿ ಮೊಟ್ಟೆಯಾಕಾರದ ಬಳೆ ಮಾಡಿ, ಎರಡು ಬಳೆಗಳನ್ನೂ ಹಿಂಬದಿಗೆ, ಲುಂಗಿ ಬಟ್ಟೆಯ ಮೇಲೆ ಕನ್ನಡಕದ ಚೌಕಟ್ಟಿನಂತೆ ಹೊಲಿಯಿರಿ. ಕಟ್ಟಿಕೊಂಡು ಒಳಗೆ ಕಣ್ಣು ಪಿಳಿಪಿಳಿ ಮಾಡಿ ನೋಡಿ. ರೆಪ್ಪೆಗೂದಲು ಎಲ್ಲಿಯೂ ಬಟ್ಟೆಗೆ ತಾಗಬಾರದು. ತಾಗಿದರೆ ಬಳೆಯ ಸುರುಳಿಯನ್ನು ಇನ್ನಷ್ಟು ದಪ್ಪ ಮಾಡಿ. ನಾವು ಎರಡನೆಯ ಸಲ ಬಿಚ್ಚಿದ್ದು ಇಲ್ಲಿ.

ಕಟ್ಟುವ ಪಟ್ಟಿಗೆ ಇಲಾಸ್ಟಿಕ್ ಬೇಕಿಲ್ಲ. ಹಿಂದಿನ ಸಾಲಿನ ಹಿಂಬದಿಯ ಎಳೆಗೆ ಮಾತ್ರ ಕಡ್ಡಿ ಹಾಕುತ್ತಾ 6 ಹೆಣಿಗೆ ಅಗಲಕ್ಕೆ ಸಾಲುಸಾಲಾಗಿ ಹೆಣೆದರೆ ಏಣಿನಂಥ ಗೆರೆಗಳು ಬಂದು ತಾನಾಗಿಯೇ ಹಿಗ್ಗುತ್ತದೆ. ಹಣೆಯ ಮಟ್ಟದಲ್ಲಿ ತಲೆಯ ಸುತ್ತಳತೆ ತೆಗೆದು, ಅದರಲ್ಲಿ 20 ಸೆಂಟಿಮೀಟರ್ ಕಳೆಯಿರಿ, ಗುಂಡಿಗೆಂದು ಎರಡು ಮೂರು ಸೆಂಟಿಮೀಟರ್ ಸೇರಿಸಿ. ಒಂದು ಗುಂಡಿ, ಮೂರು ಕುಣಿಕೆ ಇರಲಿ, ಸಡಿಲ-ಬಿಗಿ ಮಾಡಿಕೊಳ್ಳಬಹುದು. ಗುಂಡಿ ತಲೆಯ ಹಿಂದೆ ಬೇಡ, ಮಲಗಿದರೆ ಚುಚ್ಚುತ್ತದೆ. ಕಿವಿಗಿಂತ ಸ್ವಲ್ಪ ಮೇಲೆ, ಪಕ್ಕಕ್ಕೆ ಇರಲಿ. ಹಿಜಾಬ್ ತೊಡುವವರು ಒಳಟೋಪಿಯ ಮೇಲೆ ಪಟ್ಟಿ ಕಟ್ಟಿ, ಅದರ ಮೇಲೆ ದುಪಟ್ಟಾ ಹೊದ್ದುಕೊಂಡರೆ ಬಸ್ಸಿನಲ್ಲಿ ಜಾರುವುದಿಲ್ಲ. ಒಂದು ಬೆರಳು ಪಟ್ಟಿಯ ಕೆಳಗೆ ಸಲೀಸಾಗಿ ಹೋಗುವಷ್ಟು ಸಡಿಲ ಸಾಕು. ಎದ್ದಾಗ ಹಣೆಯ ಮೇಲೆ ಗೆರೆ ಮೂಡಿದ್ದರೆ ಬಿಗಿಯಾಗಿದೆ ಎಂದರ್ಥ.

ಇನ್ನು ಶುಚಿತ್ವದ ಮಾತು. ಒಂದು ಮನೆಗೆ ಒಂದು ಪಟ್ಟಿ ಎಂಬ ಲೆಕ್ಕ ಖಂಡಿತ ಬೇಡ. ಕಣ್ಣು ಕೆಂಪಾಗುವ ರೋಗ ಟವೆಲು, ದಿಂಬಿನ ಚೀಲಗಳಿಂದ ಹರಡುವಂತೆ ಇದರಿಂದಲೂ ಹರಡುತ್ತದೆ. ಗಂಡ-ಹೆಂಡತಿಯಾದರೂ ಪಟ್ಟಿ ಬೇರೆಬೇರೆ. ಗೊಂದಲವಾಗದಂತೆ ನೂಲಿನ ಬಣ್ಣ ಬೇರೆ ಮಾಡಿ. ಪ್ರಯಾಣದಲ್ಲಿ ಒಬ್ಬೊಬ್ಬರಿಗೆ ಎರಡೆರಡಿದ್ದರೆ ಒಂದನ್ನು ಒಗೆದು ಒಣಗಿಸಬಹುದು. ಸಾಬೂನು ಹಾಕಿದ ಬೆಚ್ಚಗಿನ ನೀರಿನಲ್ಲಿ ಕೈಯಲ್ಲೇ ಒಗೆದು, ಹಿಂಡದೆ ಟವೆಲಿನಲ್ಲಿ ಒತ್ತಿ, ಬಿಸಿಲಿಗೆ ಹಾಕಿ. ಮೆತ್ತೆಯ ಒಳಗೂ ಪೂರ್ತಿ ಒಣಗಿದ ಮೇಲೆ ಚೀಲಕ್ಕೆ ಹಾಕಿ. ಅರೆ ಒಣಗಿದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಮುಗ್ಗಲು ಹಿಡಿಯುತ್ತದೆ.

ಇಶಾ ನಮಾಝಿನ ವುಝೂ ಮಾಡಿ ಒದ್ದೆ ಮುಖಕ್ಕೇ ಪಟ್ಟಿ ಕಟ್ಟುವವರಿದ್ದಾರೆ. ಮುಖ ಒರೆಸಿಕೊಂಡು ಕಟ್ಟಿ. ಸುರ್ಮಾ, ಕಾಜಲ್ ಹಚ್ಚಿದ್ದರೆ ತೊಳೆದು ಮಲಗಿ. ಸುರ್ಮಾದ ಮಾತು ಬಂದದ್ದರಿಂದ ಹೇಳುತ್ತೇನೆ: ಬಜಾರಿನ ಕೆಲವು ಸುರ್ಮಾಗಳಲ್ಲಿ ಸೀಸ ಇರುತ್ತದೆ, ಮಕ್ಕಳ ಕಣ್ಣಿಗಂತೂ ಬೇಡವೇ ಬೇಡ. ಇದನ್ನು ಹೇಳಿದಾಗಲೆಲ್ಲ ದವಾಖಾನೆಯಲ್ಲಿ ಯಾರಾದರೊಬ್ಬರು ಅಜ್ಜಿ ನನ್ನ ಮೇಲೆ ಸಿಟ್ಟಾಗುತ್ತಾರೆ, ಆದರೂ ಹೇಳುವುದನ್ನು ಬಿಟ್ಟಿಲ್ಲ. ನೆತ್ತಿಗೆ ಬಾದಾಮಿ ಎಣ್ಣೆ ಹಚ್ಚಿ ಮಲಗುವ ಅಭ್ಯಾಸ ಒಳ್ಳೆಯದೇ, ಪ್ರಯಾಣದ ರಾತ್ರಿ ಮಾತ್ರ ಬೇಡ. ಎಣ್ಣೆ ಪಟ್ಟಿಗಿಳಿದು ಧೂಳು ಹಿಡಿಯುತ್ತದೆ, ರೆಪ್ಪೆಯ ಅಂಚಿನಲ್ಲಿ ಗುಳ್ಳೆ ಏಳಬಹುದು. ಕಾಂಟ್ಯಾಕ್ಟ್ ಲೆನ್ಸ್ ಇದ್ದವರು ತೆಗೆದಿಟ್ಟು ಮಲಗಬೇಕು. ಸಣ್ಣ ಮಕ್ಕಳಿಗೆ ಪಟ್ಟಿ ಕಟ್ಟಲೇಬೇಡಿ. ನಿದ್ದೆಯಲ್ಲಿ ಅದು ಕುತ್ತಿಗೆಗೆ ಜಾರಿದರೆ ಅಪಾಯ.

ಇಹ್ರಾಮಿನಲ್ಲಿ ಇದನ್ನು ಕಟ್ಟಬಹುದೇ ಎಂದು ಯಾತ್ರೆಗೆ ಹೊರಟವರು ಕೇಳುತ್ತಾರೆ. ಅದಕ್ಕೆ ಉತ್ತರ ಹಕೀಮರ ಹತ್ತಿರ ಸಿಗದು. ಹೊರಡುವ ಮುನ್ನವೇ ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ. ಅಮ್ಮಿ ಮೊದಲು ಮದೀನಾಕ್ಕೆ ಹೋಗಿದ್ದರಿಂದ ವಿಮಾನದಲ್ಲಿ ಅವರಿಗೆ ಆ ಪ್ರಶ್ನೆ ಬರಲಿಲ್ಲ.

ಪ್ರಯಾಣವಿಲ್ಲದೆಯೂ, ಮನೆಯ ಕತ್ತಲೆ ಕೋಣೆಯಲ್ಲೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ ಪಟ್ಟಿಯಿಂದ ಏನೂ ಆಗದು. ಅದನ್ನು ನಾವು ಸಹರ್ ಎನ್ನುತ್ತೇವೆ, ಕಾರಣ ಹುಡುಕಿ ಚಿಕಿತ್ಸೆ ಮಾಡಬೇಕು. ನೆರೆಮನೆಯವರು ಹೇಳಿದ ಮಾತ್ರೆ ನುಂಗಬೇಡಿ, ವೈದ್ಯರಿಗೆ ತೋರಿಸಿ.

ಹೊಸ ಪಟ್ಟಿ ಸಿದ್ಧವಾದಾಗ ಅಮ್ಮಿಯನ್ನು ಕಣ್ಣಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅಲ್ಲಿಯೇ ಕಟ್ಟಿ ತೋರಿಸಿದೆ. ಅವರು ಬೆರಳಿನಿಂದ ಟೊಳ್ಳು ಭಾಗ ಮುಟ್ಟಿ ನೋಡಿ, ಗುಂಡಿಯನ್ನು ಇನ್ನೊಂದು ಕುಣಿಕೆ ಸಡಿಲಿಸಿ, "ಈಗ ಕಟ್ಟಬಹುದು" ಎಂದರು. ಕಳೆದ ತಿಂಗಳು ತಮ್ಮನ ಮನೆಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಅಮ್ಮಿ ಅದನ್ನು ಕಟ್ಟಿಕೊಂಡು ಮಲಗಿದರು. ಪಕ್ಕದ ಸೀಟಿನಲ್ಲಿದ್ದ ನನಗೆ ಘಾಟಿಯ ತಿರುವುಗಳಲ್ಲಿ ನಿದ್ದೆ ಬರಲಿಲ್ಲ. ನನ್ನ ಪಟ್ಟಿ ಮನೆಯ ತಂತಿಯ ಮೇಲೆ ಒಣಗುತ್ತಿತ್ತು.