ಬಸ್ಸಿಗೂ ಒಂದು ಪರೀಕ್ಷೆ

ಪರೀಕ್ಷೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಶಾಲೆ, ಪ್ರಶ್ನೆಪತ್ರಿಕೆ, ತೇರ್ಗಡೆಯಾದವರ ಪಟ್ಟಿ. ಆ ಪರೀಕ್ಷೆಗೆಂದು ಮಕ್ಕಳನ್ನು ಹೊತ್ತು ತರುವ ಬಸ್ಸಿಗೂ ಒಂದು ಪರೀಕ್ಷೆಯುಂಟೆಂಬುದು ಅನೇಕರ ಲಕ್ಷ್ಯಕ್ಕೆ ಬಂದಿರಲಾರದು. ಹುಡುಗ ನಪಾಸಾದರೆ ಮರಳಿ ಕುಳಿತುಕೊಳ್ಳಬಹುದು. ಬಸ್ಸು ಘಟ್ಟದ ತಿರುವಿನಲ್ಲಿ ನಪಾಸಾದರೆ ಅದರ ಫಲವನ್ನು ಉಣ್ಣುವವರು ಒಳಗೆ ಕುಳಿತವರು. ಆದುದರಿಂದ ಈ ಎರಡನೆಯ ಪರೀಕ್ಷೆ ಹೇಗೆ ನಡೆಯುತ್ತದೆ, ಅದು ನಿಜವಾಗಿ ಏನನ್ನು ಅಳೆಯುತ್ತದೆ ಎಂಬುದನ್ನು ವಿಚಾರಿಸುವ ಹಕ್ಕು ಟಿಕೇಟು ಕೊಳ್ಳುವ ಪ್ರತಿಯೊಬ್ಬನಿಗೂ ಇದೆ.

ಕುಂದಾಪುರ ತಾಲೂಕಿನ ಗುಲ್ವಾಡಿಯಂಥ ಊರುಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಇದೇ ಊರಿನ ಹೆಸರನ್ನು ಹೊತ್ತ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಹೊರಬಂದಾಗ ನಮ್ಮ ಕರಾವಳಿಯ ಜನಕ್ಕೆ ದೋಣಿ, ಎತ್ತಿನ ಗಾಡಿ ಮತ್ತು ಕಾಲ್ನಡಿಗೆಯೇ ಗತಿಯಾಗಿದ್ದವು. ಮುಂದೆ 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಹುಟ್ಟಿತು. ಖಾಸಗಿ ಬಸ್ಸು ಈ ಜಿಲ್ಲೆಗಳ ಜೀವನಾಡಿಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಅನಿಲದಿಂದಲೂ ಓಡಿದವು. ಆ ದಿನಗಳಲ್ಲಿ ಪರೀಕ್ಷಕನೆಂದರೆ ಡ್ರೈವರನ ಕಿವಿ, ಮೇಸ್ತ್ರಿಯ ಸುತ್ತಿಗೆ. ತಟ್ಟಿ ನೋಡಿದರೆ ಬಿರುಕು ಬಿಟ್ಟ ಕಬ್ಬಿಣದ ಧ್ವನಿ ಬೇರೆ, ಗಟ್ಟಿ ಕಬ್ಬಿಣದ ಧ್ವನಿ ಬೇರೆ.

ಕಿವಿಯೊಂದೇ ಸಾಲದೆಂಬುದನ್ನು ಜಗತ್ತು ಕಲಿತದ್ದು ಸಾಕಷ್ಟು ನಷ್ಟವನ್ನು ಅನುಭವಿಸಿದ ಮೇಲೆ. 1980ರಲ್ಲಿ ನ್ಯೂಯಾರ್ಕ್ ನಗರವು ಗ್ರಮ್ಮನ್ ಫ್ಲೆಕ್ಸಿಬಲ್ ಎಂಬ ಕಂಪೆನಿಯ ಹೊಸ ಮಾದರಿಯ ಬಸ್ಸುಗಳನ್ನು ನೂರುಗಟ್ಟಲೆ ಬೀದಿಗಿಳಿಸಿತು. ಅದೇ ವರ್ಷದ ಕೊನೆಯಲ್ಲಿ ಅವುಗಳ ತಳದ ಚೌಕಟ್ಟಿನಲ್ಲಿ ಬಿರುಕುಗಳು ಕಾಣಿಸಿಕೊಂಡವು. ನಕ್ಷೆಯಲ್ಲಿ ಸರಿಯಾಗಿದ್ದ ಬಸ್ಸನ್ನು ನ್ಯೂಯಾರ್ಕಿನ ಹೊಂಡಗಳು ಒಪ್ಪಿಕೊಳ್ಳಲಿಲ್ಲ! 1984ರಲ್ಲಿ ನಗರವು ಅವುಗಳನ್ನು ಓಟದಿಂದಲೇ ತೆಗೆದುಹಾಕಿತು. 1987ರಲ್ಲಿ ಅಮೆರಿಕದ ಶಾಸನಸಭೆ ಒಂದು ಕಾಯಿದೆ ಮಾಡಿ, ಸರಕಾರದ ನೆರವಿನಿಂದ ಕೊಳ್ಳುವ ಪ್ರತಿಯೊಂದು ಹೊಸ ಮಾದರಿಯ ಬಸ್ಸೂ ಮೊದಲು ಪರೀಕ್ಷೆಗೆ ಒಳಗಾಗಬೇಕೆಂದು ವಿಧಿಸಿತು. ಪೆನ್ಸಿಲ್ವೇನಿಯದ ಆಲ್ಟೂನಾದಲ್ಲಿ ಅಲ್ಲಿನ ವಿಶ್ವವಿದ್ಯಾಲಯವೊಂದು ಈ ಪರೀಕ್ಷಾಕೇಂದ್ರವನ್ನು ನಡೆಸುತ್ತದೆ.

ಅಲ್ಲಿ ನೋಡುವ ಸಂಗತಿಗಳು ಮುಖ್ಯವಾಗಿ ಮೂರು: ಬಾಳಿಕೆ, ಸುರಕ್ಷತೆ, ಕಾರ್ಯಸಾಮರ್ಥ್ಯ. ಹನ್ನೆರಡು ವರ್ಷ ಅಥವಾ ಐದು ಲಕ್ಷ ಮೈಲಿ ಬಾಳಬೇಕಾದ ದೊಡ್ಡ ಬಸ್ಸನ್ನು, ಬೇಕೆಂದೇ ಉಬ್ಬುತಗ್ಗು ಮಾಡಿದ ಹಾದಿಯಲ್ಲಿ ಸಾವಿರಾರು ಮೈಲಿ ಓಡಿಸಿ, ವರ್ಷಗಳ ಸವೆತವನ್ನು ತಿಂಗಳುಗಳೊಳಗೆ ತಂದುಕೊಳ್ಳುತ್ತಾರೆ. ಬ್ರೇಕು ಎಷ್ಟು ದೂರದಲ್ಲಿ ಹಿಡಿಯುತ್ತದೆ, ಏರನ್ನು ಯಾವ ವೇಗದಲ್ಲಿ ಹತ್ತುತ್ತದೆ, ಎಷ್ಟು ಎಣ್ಣೆ ಕುಡಿಯುತ್ತದೆ, ಒಂದೊಂದು ಭಾಗವನ್ನು ಬಿಚ್ಚಿ ಜೋಡಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಅಧ್ಯಾಪಕರಿಗೆ ಕುತೂಹಲವೆನಿಸುವ ಸಂಗತಿಯೊಂದಿದೆ. ಬಹುಕಾಲ ಆ ಪರೀಕ್ಷೆಯಲ್ಲಿ ವರದಿ ಮಾತ್ರ ಇತ್ತು. ಪಾಸು, ನಪಾಸು ಇರಲಿಲ್ಲ. ನೂರಕ್ಕೆ ಕನಿಷ್ಠ 60 ಅಂಕ ಪಡೆಯಬೇಕೆಂಬ ನಿಯಮ ಬಂದದ್ದು 2016ರಲ್ಲಿ.

ಸುರಕ್ಷತೆಯ ಪರೀಕ್ಷೆಗಳಲ್ಲಿ ಹಳೆಯದು ಓರೆ ಮಾಡಿ ನೋಡುವುದು. ಲಂಡನ್ನಿನಲ್ಲಿ ಎರಡು ಅಂತಸ್ತಿನ ಬಸ್ಸಿನ ಮೇಲಂತಸ್ತಿಗೆ ಮಾತ್ರ ಮರಳಿನ ಚೀಲಗಳನ್ನು ಹೇರಿ, 28 ಡಿಗ್ರಿಯವರೆಗೆ ವಾಲಿಸಿ, ಬೀಳದಿದ್ದರೆ ಒಪ್ಪಿಕೊಳ್ಳುತ್ತಿದ್ದರು. ಇದಕ್ಕಿಂತ ಕಠಿಣವಾದುದು ಉರುಳಿಸುವ ಪರೀಕ್ಷೆ. 800 ಮಿಲಿಮೀಟರು ಎತ್ತರದ ಹಲಗೆಯ ಮೇಲಿಂದ ಬಸ್ಸನ್ನು ನಿಧಾನವಾಗಿ ಪಕ್ಕಕ್ಕೆ ಕೆಡವುತ್ತಾರೆ. ತಗಡು ನುಗ್ಗಾಗಬಹುದು, ಗಾಜು ಒಡೆಯಬಹುದು. ಆದರೆ ಪ್ರಯಾಣಿಕರು ಕುಳಿತಿರುವ ಜಾಗದೊಳಕ್ಕೆ ಯಾವ ಕಂಬವೂ ನುಗ್ಗಕೂಡದು. ನಮ್ಮ ದೇಶದಲ್ಲಿಯೂ ಬಸ್ಸಿನ ಬಾಡಿ ಹೇಗಿರಬೇಕೆಂಬುದಕ್ಕೆ ಸಂಹಿತೆಯುಂಟು. 1966ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ವಾಹನ ಸಂಶೋಧನ ಸಂಸ್ಥೆಯಂಥ ಕೇಂದ್ರಗಳು ಮಾದರಿಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುತ್ತವೆ.

ಇಷ್ಟೆಲ್ಲವನ್ನೂ ಓದಿ ತಿಳಿದ ಮೇಲೆಯೂ, ಈ ಸೀಮೆಯ ಬಸ್ಸುಗಳಲ್ಲಿ ಬಹುಕಾಲ ಓಡಾಡಿದ ನನ್ನ ಮನಸ್ಸಿನಲ್ಲಿ ಒಂದು ಶಂಕೆ ಉಳಿದಿದೆ. ಪರೀಕ್ಷೆಯ ಲೆಕ್ಕದಲ್ಲಿ ಪ್ರಯಾಣಿಕನೆಂದರೆ 68 ಕಿಲೋ ತೂಕ. ಮರಳಿನ ಚೀಲ ಇಟ್ಟಲ್ಲಿ ಇರುತ್ತದೆ. ನಮ್ಮ ಪ್ರಯಾಣಿಕ ಹಾಗಿರುವುದಿಲ್ಲ. ಬೆಳಗಿನ ಹೊತ್ತು ಕಾಲೇಜಿನ ಹುಡುಗರು ಎಡಬದಿಯ ಫುಟ್‌ಬೋರ್ಡಿನಲ್ಲಿ ಜೋತುಬಿದ್ದಿರುತ್ತಾರೆ. ಭಾರವೆಲ್ಲ ಒಂದೇ ಮಗ್ಗುಲಿಗೆ ಸರಿದಿರುತ್ತದೆ. ಇನ್ನು ನಮ್ಮ ಹಾದಿಯೋ! ಕಡಲ ಬದಿಯ ಉಪ್ಪುಗಾಳಿ ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊಸಂಗಡಿಯಿಂದ ಬಾಳೆಬರೆ ಘಾಟಿಯನ್ನೇರಿದರೆ, ವರ್ಷಕ್ಕೆ 7,000 ಮಿಲಿಮೀಟರು ಮೀರಿ ಮಳೆ ಸುರಿಯುವ ಹುಲಿಕಲ್ ಸೀಮೆ. ಒದ್ದೆಯಾದ ಬ್ರೇಕು, ಮಂಜು ಮುಚ್ಚಿದ ಗಾಜು, ಕೊರೆದುಹೋದ ರಸ್ತೆಯಂಚು, ಇವೆಲ್ಲ ಒಟ್ಟಾಗಿ ಕೇಳುವ ಪ್ರಶ್ನೆಗಳು ಬಯಲುಸೀಮೆಯ ಪರೀಕ್ಷಾಮಾರ್ಗದ ಪ್ರಶ್ನೆಪತ್ರಿಕೆಯಲ್ಲಿ ಇರಲಾರವು.

ಬಸ್ಸು ಓಡಬೇಕಾದ ಹಾದಿಯಲ್ಲೇ ಅದನ್ನು ಪರೀಕ್ಷಿಸಿದ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಉಂಟು. 2014ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ ಒಂದು ವಿದ್ಯುತ್ ಬಸ್ಸನ್ನು ಮೂರು ತಿಂಗಳ ಕಾಲ ಪ್ರಾಯೋಗಿಕವಾಗಿ ಓಡಿಸಿತು. ಊರಿನ ಜನ, ಊರಿನ ಸಂದಣಿ, ಊರಿನ ಬಿಸಿಲು, ಪರೀಕ್ಷೆಯೆಂದರೆ ಹಾಗಿರಬೇಕು.

ಆದರೆ ಓಟವೊಂದನ್ನೇ ನೋಡಿದರೂ ಸಾಲದು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಹವಾನಿಯಂತ್ರಿತ ಬಸ್ಸೊಂದು ಮಹಬೂಬನಗರ ಜಿಲ್ಲೆಯ ಪಾಲೆಂ ಬಳಿ ಬೆಂಕಿಗೆ ತುತ್ತಾಗಿ 45 ಜನ ಸುಟ್ಟುಹೋದರು. ವೇಗಕ್ಕೂ ಸುಖಕ್ಕೂ ಹೆಸರಾದ ವರ್ಗದ ಬಸ್ಸು ಅದು. ಕತ್ತಲಲ್ಲಿ, ಹೊಗೆಯಲ್ಲಿ, ನಿದ್ದೆಯಿಂದ ಎಚ್ಚೆತ್ತವನು ಎಷ್ಟು ಕ್ಷಣದಲ್ಲಿ ಹೊರಬರಬಲ್ಲನೆಂಬುದೂ ಬಸ್ಸಿನ ಸಾಮರ್ಥ್ಯದ ಲೆಕ್ಕಕ್ಕೆ ಸೇರಬೇಕಲ್ಲವೆ?

ಮಾದರಿಗೆ ಒಮ್ಮೆ ಪರೀಕ್ಷೆಯಾದರೆ, ಒಂದೊಂದು ಬಸ್ಸಿಗೂ ಆಗಾಗ ಎಫ್.ಸಿ. ಎಂಬ ಅರ್ಹತಾಪತ್ರದ ಪರೀಕ್ಷೆಯುಂಟು. 2018ರ ತಿದ್ದುಪಡಿಯ ಪ್ರಕಾರ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ನಿಯಮವೇನೋ ಒಳ್ಳೆಯದೇ. ಆದರೆ ಆ ದಿನವು ಬಸ್ಸಿನ ಹಿಂದಿನ ಪತ್ರದ ತಾರೀಕನ್ನು ಅನುಸರಿಸುತ್ತದೆಯೇ ಹೊರತು ಮಳೆಗಾಲವನ್ನಲ್ಲ. ಏಪ್ರಿಲಿನಲ್ಲಿ ಹೊಸ ಬಣ್ಣ ಬಳಿದುಕೊಂಡು ಪಾಸಾದ ಗಾಡಿ ಜೂನಿನಿಂದ ಸೆಪ್ಟೆಂಬರಿನವರೆಗೆ ನೀರಿನಲ್ಲಿ ನೆನೆದ ಮೇಲೆ ಹೇಗಿದೆಯೆಂದು ಕೇಳುವವರಾರು? ತುಕ್ಕು ಬಣ್ಣದ ಅಡಿಯಲ್ಲಿ ಅಡಗಿ ಬೆಳೆಯುವ ರೋಗ.

ನಿಜಕ್ಕೂ ಕೇಳುವವನೊಬ್ಬನಿದ್ದಾನೆ. ನಮ್ಮ ಕಡೆಯ ಹಿರಿಯ ಡ್ರೈವರೊಬ್ಬರು ಒಮ್ಮೆ ನನಗೆ ಹೇಳಿದರು: “ಗಾಡಿಯೇ ಹೇಳತ್ತ್ ಮಾಷ್ಟ್ರೇ, ನಾವ್ ಕೇಣ್ಕ್ ಅಷ್ಟೆ.” ಸ್ಪ್ರಿಂಗ್ ಪ್ಲೇಟು ಮುರಿಯುವ ಮೊದಲು, ಬ್ರೇಕು ಸೋಲುವ ಮೊದಲು, ಅವರಿಗೆ ಸೂಚನೆ ಸಿಕ್ಕಿರುತ್ತದೆ. ಅದನ್ನು ಅವರು ಸಂಜೆ ಪುಸ್ತಕದಲ್ಲಿ ಬರೆದಿಟ್ಟು, ಮಾಲಿಕನು ಅದನ್ನು ಓದಿ, ಪರೀಕ್ಷೆಯ ದಿನ ಅಧಿಕಾರಿಯೂ ಅದನ್ನು ತೆರೆದು ನೋಡುವಂತಾದರೆ ಹಳೆಯ ಕಿವಿಗೂ ಹೊಸ ಯಂತ್ರಕ್ಕೂ ಮೇಳ ಕೂಡುತ್ತದೆ. ಗಾಡಿಯನ್ನು ಒಂದು ದಿನ ಶೆಡ್ಡಿನಲ್ಲಿ ನಿಲ್ಲಿಸೆಂದು ಹೇಳಿದ್ದಕ್ಕಾಗಿ ಡ್ರೈವರನ ಸಂಬಳಕ್ಕೆ ಕತ್ತರಿ ಬೀಳದಿರುವುದೂ ಅಷ್ಟೇ ಮುಖ್ಯ.

ಕರಾವಳಿ ಮತ್ತು ಮಲೆನಾಡಿನ ಬಸ್ಸುಗಳಿಗೆ ಮಳೆಗಾಲ ಕಳೆದೊಡನೆ ಇನ್ನೊಂದು ತಪಾಸಣೆ ಕಡ್ಡಾಯವಾಗಬೇಕು; ತಳದ ಚೌಕಟ್ಟು, ಬ್ರೇಕು, ತುರ್ತು ಬಾಗಿಲು, ಈ ಮೂರನ್ನು ನೋಡಿದರೂ ಸಾಕು. ಅದಕ್ಕೆ ಆಲ್ಟೂನಾದ ವೆಚ್ಚವೇನೂ ಬೇಕಾಗದು. ವರ್ಷವಿಡೀ ಓದದೆ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವ ವಿದ್ಯಾರ್ಥಿಯನ್ನು ನಾವು ಮೆಚ್ಚುವುದಿಲ್ಲ. ನಮ್ಮ ಮಕ್ಕಳನ್ನು ಹೊರುವ ಬಸ್ಸಿನಲ್ಲಿ ಆ ಗುಣವನ್ನು ಸಹಿಸುವುದು ಯಾವ ನ್ಯಾಯ?