ಕಣ್ಣಿನ ಮೇಲ್ಮೈಯ ಕ್ಯಾನ್ಸರ್

ಕಣ್ಣಿನ ಬಿಳಿಭಾಗವನ್ನು ಹೊದ್ದಿರುವ ಕಂಜಂಕ್ಟೈವಾ ಎಂಬ ತೆಳುಪೊರೆಯಲ್ಲಿ ಅಥವಾ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದಲ್ಲಿ ಹುಟ್ಟುವ ಮಾರಕ ಬೆಳವಣಿಗೆಯನ್ನು ಕಣ್ಣಿನ ಮೇಲ್ಮೈಯ ಕ್ಯಾನ್ಸರ್ ಎನ್ನುತ್ತಾರೆ. ಇದರಲ್ಲಿ ಚಪ್ಪಟೆ ಜೀವಕೋಶಗಳಿಂದ ಬೆಳೆಯುವ ಸ್ಕ್ವೇಮಸ್ ಬಗೆಯು ಹೆಚ್ಚಾಗಿ ಕಂಡುಬರುತ್ತದೆ. ಆರಂಭದಲ್ಲಿ ಹೊರಪದರಕ್ಕೆ ಸೀಮಿತವಾಗಿರುವ ಇದು ಮುಂದೆ ಕಣ್ಣಿನೊಳಕ್ಕೂ ಕಣ್ಣುಗೂಡಿಗೂ ಹರಡಬಲ್ಲದು. ಮೆಲನೋಮಾ ಮತ್ತು ಲಿಂಫೋಮಾ ಈ ಭಾಗದ ಇತರ ಕ್ಯಾನ್ಸರ್‌ಗಳಾಗಿವೆ.

ಕಾರಣಗಳು

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಮುಖ್ಯ ಕಾರಣ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಹೊಲ, ಮಾವಿನ ತೋಪು, ಇಟ್ಟಿಗೆ ಗೂಡುಗಳಲ್ಲಿ ದಿನವಿಡೀ ದುಡಿಯುವವರ ಕಣ್ಣಿಗೆ ಈ ಕಿರಣಗಳು ಹೆಚ್ಚಾಗಿ ತಗಲುತ್ತವೆ. ಎಚ್‌ಐವಿ ಸೋಂಕು, ಹ್ಯೂಮನ್ ಪ್ಯಾಪಿಲೋಮಾ ವೈರಸ್, ಧೂಮಪಾನ ಹಾಗೂ ಝೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಆನುವಂಶಿಕ ಚರ್ಮರೋಗವೂ ಅಪಾಯವನ್ನು ಹೆಚ್ಚಿಸುತ್ತವೆ. ಚಿಕ್ಕ ವಯಸ್ಸಿನವರಲ್ಲಿ ಇದು ಕಂಡುಬಂದರೆ ಎಚ್‌ಐವಿ ಪರೀಕ್ಷೆ ಅಗತ್ಯ.

ಲಕ್ಷಣಗಳು

ಕಣ್ಣಿನ ಬಿಳಿಭಾಗವೂ ಕಾರ್ನಿಯಾವೂ ಕೂಡುವ ಅಂಚಿನಲ್ಲಿ ತಿಳಿಗುಲಾಬಿ ಅಥವಾ ಬಿಳಿ ಬಣ್ಣದ ಉಬ್ಬು ಮೂಡುತ್ತದೆ. ಅದಕ್ಕೆ ರಕ್ತ ಪೂರೈಸುವ ದಪ್ಪ ನಾಳಗಳು ಕಾಣಿಸುತ್ತವೆ. ಕಣ್ಣು ಕೆಂಪಾಗುವುದು, ಉರಿ, ಕಸ ಬಿದ್ದಂತಹ ಅನುಭವ ಸಾಮಾನ್ಯ. ಬಿಸಿಲಿನಿಂದಲೇ ಬರುವ, ಜನರು 'ಕಣ್ಣಿನಲ್ಲಿ ಮಾಂಸ ಬೆಳೆದಿದೆ' ಎನ್ನುವ ಟೆರಿಜಿಯಂ ಎಂಬ ನಿರಪಾಯಕಾರಿ ಬೆಳವಣಿಗೆಯನ್ನು ಇದು ಹೋಲುತ್ತದೆ. ಆದ್ದರಿಂದ ರೋಗವನ್ನು ಗುರುತಿಸುವುದು ತಡವಾಗಬಹುದು.

ರೋಗನಿರ್ಣಯ

ಸ್ಲಿಟ್ ಲ್ಯಾಂಪ್ ಉಪಕರಣದಿಂದ ಕಣ್ಣನ್ನು ಪರೀಕ್ಷಿಸಿ, ರೋಸ್ ಬೆಂಗಾಲ್ ಬಣ್ಣ ಹಾಕಿ ಗಡ್ಡೆಯ ಮೇರೆಯನ್ನು ಗುರುತಿಸಲಾಗುತ್ತದೆ. ಓಸಿಟಿ ಚಿತ್ರಣದಲ್ಲಿ ದಪ್ಪಗಾದ ಹೊರಪದರವೂ, ಆರೋಗ್ಯಕರ ಭಾಗದಿಂದ ರೋಗಗ್ರಸ್ತ ಭಾಗಕ್ಕೆ ಆಗುವ ಹಠಾತ್ ಬದಲಾವಣೆಯೂ ಕಾಣುತ್ತವೆ. ಆದರೆ ಅಂಗಾಂಶದ ಸೂಕ್ಷ್ಮದರ್ಶಕ ಪರೀಕ್ಷೆಯೇ ಅಂತಿಮ ನಿರ್ಣಾಯಕ. ಟೆರಿಜಿಯಂ ಎಂದು ಭಾವಿಸಿ ಕತ್ತರಿಸಿ ತೆಗೆದ ಅಂಗಾಂಶವನ್ನೂ ಈ ಪರೀಕ್ಷೆಗೆ ಕಳುಹಿಸುವುದು ಸೂಕ್ತ; ಎಸೆದುಬಿಟ್ಟರೆ ಕ್ಯಾನ್ಸರ್ ಗಮನಕ್ಕೆ ಬಾರದೆ ಉಳಿಯಬಹುದು.

ಚಿಕಿತ್ಸೆ

ಸಣ್ಣ ಗಡ್ಡೆಯನ್ನು ಸುತ್ತಲಿನ ಸುಮಾರು 4 ಮಿ.ಮೀ. ಆರೋಗ್ಯಕರ ಅಂಗಾಂಶದೊಂದಿಗೆ ಕತ್ತರಿಸಿ ತೆಗೆಯುತ್ತಾರೆ. ಕೋಶಗಳು ಬೇರೆಡೆ ಚೆದುರದಂತೆ ಉಪಕರಣಗಳನ್ನು ಗಡ್ಡೆಗೆ ತಾಗಿಸುವುದಿಲ್ಲ. ಅನಂತರ ಅಂಚುಗಳಿಗೆ ಅತಿಶೀತ ಚಿಕಿತ್ಸೆ ನೀಡಿ, ಅಗತ್ಯವಿದ್ದರೆ ಗಾಯವನ್ನು ಗರ್ಭಕೋಶದೊಳಗಿನ ಆಮ್ನಿಯಾನ್ ಪೊರೆಯಿಂದ ಮುಚ್ಚಲಾಗುತ್ತದೆ. ಹರಡಿದ ಆದರೆ ಆಳಕ್ಕಿಳಿಯದ ಗಡ್ಡೆಗಳಿಗೆ ಮೈಟೋಮೈಸಿನ್-ಸಿ, 5-ಫ್ಲೂರೋಯುರಾಸಿಲ್ ಅಥವಾ ಇಂಟರ್‌ಫೆರಾನ್ ಆಲ್ಫಾ-2ಬಿ ಹನಿಗಳನ್ನು ಬಳಸುತ್ತಾರೆ. ಕ್ಯಾನ್ಸರ್ ಒಳಗೆ ಹಬ್ಬಿದ್ದರೆ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಗುತ್ತದೆ. ಕಣ್ಣುಗೂಡಿಗೆ ಹರಡಿದ್ದರೆ ಅಲ್ಲಿನ ಅಂಗಾಂಶಗಳನ್ನೂ ತೆಗೆಯಬೇಕಾಗಬಹುದು. ರೋಗ ಮರುಕಳಿಸಬಹುದಾದುದರಿಂದ ವರ್ಷಗಳ ಕಾಲ ತಪಾಸಣೆ ಅಗತ್ಯ.

ಚಿಕಿತ್ಸಾ ಸೌಲಭ್ಯ

ಕೋಲಾರದ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್. ಎಲ್. ಜಾಲಪ್ಪ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಮಿಂಟೋ ಕಣ್ಣಿನ ಆಸ್ಪತ್ರೆ ಹಾಗೂ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗಳಿವೆ.

ಮುನ್ನೆಚ್ಚರಿಕೆ

ಅಗಲವಾದ ಅಂಚಿನ ಟೋಪಿ ಮತ್ತು ಅತಿನೇರಳೆ ಕಿರಣಗಳನ್ನು ತಡೆಯುವ ಕನ್ನಡಕ ಕಣ್ಣಿಗೆ ರಕ್ಷಣೆ ನೀಡುತ್ತವೆ. ಒಂದೇ ಕಣ್ಣಿನಲ್ಲಿ ಕಾಣಿಸಿಕೊಂಡು ವಾರಗಳಲ್ಲಿ ದೊಡ್ಡದಾಗುವ ಉಬ್ಬನ್ನು ನೇತ್ರತಜ್ಞರಿಗೆ ತೋರಿಸಬೇಕು.